ಅಮ್ಮನ ಕಕ್ಕಸು

ಫೆಬ್ರವರಿ ೧೧

ತಮ್ಮಾ,

ನಿನ್ನ ಸ್ಮಾರಕ ಸಮಿತಿಯವರು ಬಂದು ಹೋದರು. ನಿನ್ನದೇ ಅನ್ನುತ್ತೇನೆ. ಈ ಮನೆ ಬಾಗಿಲಿಗೆ ಅವರಿಗೆ ದಾರಿ ತೋರಿಸಿದವನು ನೀನೇ ತಾನೆ? ಫೋನು ಮಾಡಬಹುದಿತ್ತು, ಮಾಡುವುದಿಲ್ಲ. ಫೋನಿನಲ್ಲಿ ನೀನು ಮೇಷ್ಟ್ರ ದನಿ ತೆಗೆದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತನಾಡುತ್ತೀಯ. ನಾನು ಹೂಂ ಅಂದದ್ದು ಯಾವಾಗ ಅನ್ನುವುದು ನನಗೇ ತಿಳಿಯುವುದಿಲ್ಲ. ಕಾಗದವಾದರೆ ನಾಲ್ಕು ಸಲ ಓದಿ ನೋಡಬಹುದು.

ಮೂವರು ಬಂದಿದ್ದರು. ಅಧ್ಯಕ್ಷೆ, ಅವಳ ಹಿಂದೆ ಒಬ್ಬ ಆರ್ಕಿಟೆಕ್ಟು, ಅವನ ಹಿಂದೆ ಫೋಟೋದವನು. ಮುಂದಿನ ಕೋಣೆಗೆ ಕಾಲಿಟ್ಟವರೇ ದನಿ ತಗ್ಗಿಸಿದರು, ಒಳಗೆ ಹೆಣ ಮಲಗಿಸಿದೆ ಅನ್ನುವ ಹಾಗೆ. "ಇಲ್ಲೇ ಅಲ್ವಾ ಹೋರಾಟ ಎಲ್ಲಾ ಶುರುವಾಗಿದ್ದು?" ಅಂದಳು ಅಧ್ಯಕ್ಷೆ. "ಇಲ್ಲಿ ಬಟ್ಟೆ ಒಣಗ್ತಿತ್ತು" ಅಂದೆ. ತಮಾಷೆ ಅಂದುಕೊಂಡು ಮೂವರೂ ನಕ್ಕರು. ಅಲ್ಲಿ ಒಂದು ಮೇಜು, ಮೇಜಿನ ಮುಂದೆ ನಮ್ಮ ಸೋದರಮಾವನ ಮೇಣದ ಗೊಂಬೆ, ಗೊಂಬೆಯ ಕೈ ಗಾಳಿಯಲ್ಲಿ ಎತ್ತಿರಬೇಕಂತೆ. ಮಾವ ಜೀವಮಾನದಲ್ಲಿ ಕೈಯೆತ್ತಿದ್ದು ಇನ್ನೊಂದು ಲೋಟ ಚಹಾ ಕೇಳುವುದಕ್ಕೆ.

ಆಮೇಲೆ ಹಿತ್ತಲಿಗೆ ಹೋದರು. ಕಕ್ಕಸಿನ ಬಾಗಿಲು ತೆಗೆದದ್ದೇ ಆರ್ಕಿಟೆಕ್ಟು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ. "ಇದನ್ನ ತೆಗೆಸ್ಬಿಡೋಣ" ಅಂದ. ಆ ಜಾಗದಲ್ಲಿ ಅಂಗಡಿ ಬರುತ್ತದಂತೆ. ಮಾವನ ಮುಖ ಅಚ್ಚು ಹಾಕಿದ ಲೋಟ ಮಾರುತ್ತಾರಂತೆ. ಅವನ ನಕ್ಷೆಯಲ್ಲಿ ಕಕ್ಕಸಿನ ಮೇಲೆ ಏನು ಬರೆದಿತ್ತು ಗೊತ್ತೇ? "ಪೂರಕ ರಚನೆ." ಹೆಸರು ಬರೆದರೂ ನಾರುತ್ತದೆ ಅಂದುಕೊಂಡಿದ್ದಾರೆ. ಆಸ್ಪತ್ರೆಯಲ್ಲಿ ದಾದಿಯಾಗಿ ಜೀವಮಾನವೆಲ್ಲ ಬೆಡ್‌ಪ್ಯಾನ್ ಎತ್ತಿದವಳು ನಾನು. ಹೇಲು ಉಚ್ಚೆ ಕಂಡು ಹೇಸಿದವಳಲ್ಲ. ಹೇಸಿದ್ದು ಆ ಕರವಸ್ತ್ರಕ್ಕೆ.

ಅಧ್ಯಕ್ಷೆಯನ್ನು ಅಲ್ಲೇ ನಿಲ್ಲಿಸಿಕೊಂಡು ಹೇಳಿದೆ. ಮಾರುಕಟ್ಟೆಯ ಮೂಲೆಯಲ್ಲಿ ನಗರಸಭೆಯ ಕಕ್ಕಸುಗಳಿದ್ದವು, ನಮ್ಮ ಜನಕ್ಕೆ ಅಲ್ಲಿ ಪ್ರವೇಶವಿಲ್ಲ ಎಂಬ ಹಲಗೆ ಇತ್ತು, ಕೋಲು ಹಿಡಿದ ಕಾವಲುಗಾರನಿದ್ದ. ಬೆಳಿಗ್ಗೆ ಬುಟ್ಟಿ ಇಳಿಸಿದ ನಮ್ಮ ಹೆಂಗಸರು ಕತ್ತಲಾಗುವವರೆಗೆ ಹೊಟ್ಟೆ ಬಿಗಿಹಿಡಿದು ಕೂರುತ್ತಿದ್ದರು, ಅದಕ್ಕೇ ಮನೆಯಿಂದ ಹೊರಡುವಾಗ ಒಂದು ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಅಮ್ಮ ಈ ಕಕ್ಕಸು ಕಟ್ಟಿಸಿ, ಹಿತ್ತಲ ಗೋಡೆ ಒಡೆದು ಮಾರುಕಟ್ಟೆಯ ಕಡೆಗೆ ಬಾಗಿಲಿಟ್ಟಳು. ಯಾರು ಬೇಕಾದರೂ ಬರಬಹುದಿತ್ತು. ಅಧ್ಯಕ್ಷೆ ಎಲ್ಲ ಕೇಳಿ "ಎಷ್ಟು ಮನಮುಟ್ಟೋ ವಿಷಯ" ಅಂದಳು. ಹೇಳುವಾಗಲೂ ಎರಡು ಹೆಜ್ಜೆ ದೂರವೇ ನಿಂತಿದ್ದಳು.

ಮನೆ ಇಬ್ಬರ ಹೆಸರಿನಲ್ಲಿದೆ. ಇಬ್ಬರ ಸಹಿಯೂ ಬೇಕು. ನನ್ನ ಸಹಿ ಬೇಕಾದರೆ ಕಕ್ಕಸು ಉಳಿಯಬೇಕು. ಬರೀ ಉಳಿಯುವುದಲ್ಲ, ಮೊದಲಿನ ಹಾಗೆ ಬೀದಿಯವರಿಗೆಲ್ಲ ಬಾಗಿಲು ತೆರೆದಿರಬೇಕು. ಇದನ್ನು ಅವರಿಗೆ ಅವರ ಭಾಷೆಯಲ್ಲಿ ಹೇಳು. ನನಗೆ ಬರುವ ಭಾಷೆ ಅವರ ಕಿವಿಗೆ ಆಗಿಬರುವುದಿಲ್ಲ.

ಅಕ್ಕ

&nbsp;

ಫೆಬ್ರವರಿ ೨೪

ಪ್ರೀತಿಯ ಅಕ್ಕಾ,

ನಿನ್ನ ಕಾಗದ ತಲುಪಿತು. ಸೊಂಟದ ಮೇಲೆ ಕೈಯಿಟ್ಟುಕೊಂಡು ನೀನು ಎದುರಿಗೇ ನಿಂತ ಹಾಗಿತ್ತು. ನಗು ಬಂತು, ಸ್ವಲ್ಪ ಭಯವೂ ಆಯಿತು.

ಒಂದು ವಿಷಯವನ್ನು ತಣ್ಣಗೆ ಯೋಚಿಸು. ಮಾರುಕಟ್ಟೆಯ ರಸ್ತೆ ಅಗಲ ಮಾಡುವ ಯೋಜನೆ ನಗರಸಭೆಯ ಮುಂದಿದೆ. ಬೇಸಿಗೆಯೊಳಗೆ ನಮ್ಮ ಮನೆ ಸ್ಮಾರಕವಾಗದಿದ್ದರೆ ಅದು ರಸ್ತೆಗೆ ಹೋಗುತ್ತದೆ. ಸಾಲಿನಲ್ಲಿದ್ದ ಉಳಿದ ಮನೆಗಳು ಏನಾದವು ಎಂದು ನೀನೇ ನೋಡಿದ್ದೀಯ. ಅಲ್ಲೀಗ ವಾಹನ ನಿಲ್ಲಿಸುತ್ತಾರೆ. ಸಮಿತಿಯವರು ದೇವರಲ್ಲ, ಒಪ್ಪುತ್ತೇನೆ. ಆದರೆ ಇವರನ್ನು ಬಿಟ್ಟರೆ ನಮ್ಮ ಕೈಹಿಡಿಯುವವರು ಯಾರೂ ಇಲ್ಲ.

ಇನ್ನು ಕಕ್ಕಸಿನ ಮಾತು. ಅಲ್ಲಿಗೆ ಶಾಲೆಯ ಮಕ್ಕಳು ಬರುತ್ತಾರೆ, ಬೇರೆ ದೇಶದವರು ಬರುತ್ತಾರೆ. ನಮ್ಮ ಜನ ತಲೆಯೆತ್ತಿ ನಡೆದ ಕಥೆಯನ್ನು ಅವರಿಗೆ ಎಲ್ಲಿಂದ ಶುರು ಮಾಡಿ ಹೇಳುವುದು? ಮುಂದಿನ ಕೋಣೆ, ಒಂದು ದೀಪ, ಮಾತನಾಡುತ್ತಿರುವ ಒಬ್ಬ ಮನುಷ್ಯ, ಇಷ್ಟಿದ್ದರೆ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ. ಮಾವ ಅಲ್ಲಿ ಮಾತನಾಡಿದ್ದು ಸುಳ್ಳಲ್ಲವಲ್ಲ.

ಅಮ್ಮನಿಗೂ ಆ ಕಕ್ಕಸನ್ನು ನಾಲ್ಕು ಜನರ ಮುಂದಿಡುವುದು ಹಿಡಿಸುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಇದಕ್ಕಿಂತ ಹೆಚ್ಚು ಹೇಳಲಾರೆ. ಆದರೂ ನಿನ್ನ ಮಾತನ್ನು ಅವರ ಕಿವಿಗೆ ಹಾಕುತ್ತೇನೆ.

ನಿನ್ನ ಮಂಡಿನೋವು ಹೇಗಿದೆ?

ನಿನ್ನ ತಮ್ಮ

&nbsp;

ಮಾರ್ಚ್ ೩

ಮೇಷ್ಟ್ರೇ,

ಮಂಡಿನೋವು ಹಾಗೇ ಇದೆ. ಈಗ ತಲೆನೋವೂ ಸೇರಿಕೊಂಡಿತು.

ಅಮ್ಮನಿಗೆ ಹಿಡಿಸುತ್ತಿರಲಿಲ್ಲವೇ? ಆ ಗುಂಡಿ ಅಗೆದವಳು ಯಾರು? ಅಪ್ಪ ಕೆಲಸಕ್ಕೆ ಹೋದ ಮೇಲೆ ಗುದ್ದಲಿ ಹಿಡಿದವಳು ಅಪ್ಪ ಬರುವ ಹೊತ್ತಿಗೆ ಸೊಂಟದ ಮಟ್ಟ ಇಳಿದಿದ್ದಳು. ನಾನು ಜ್ವರ ಬಂದು ಮಲಗಿದ್ದೆ, ಕಿಟಕಿಯಿಂದ ನೋಡುತ್ತಿದ್ದೆ. "ಯಾಕಮ್ಮಾ?" ಅಂದರೆ "ಬೇಕು" ಅಂದಳು, ಅಷ್ಟೇ. ಅಪ್ಪನೂ ಕೇಳಿದ. ಅವನಿಗೂ ಅದೇ ಉತ್ತರ. ಅಲ್ಲಿಯವರೆಗೆ ನಮ್ಮ ಮನೆಯವರೂ ಕತ್ತಲಾದ ಮೇಲೆ ಕಾಲುವೆಯಾಚೆ ಹೋಗುತ್ತಿದ್ದವರೇ. ತನಗೊಬ್ಬಳಿಗೇ ಆಗಿದ್ದರೆ ಗೋಡೆ ಒಡೆದು ಬೀದಿಗೆ ಬಾಗಿಲು ಯಾಕೆ ಇಡುತ್ತಿದ್ದಳು?

ನಿನ್ನ ಸಂಕಟ ನನಗೆ ಗೊತ್ತಿಲ್ಲವೇನೋ. ಶಾಲೆಯಲ್ಲಿ ಹುಡುಗರು ನಿನ್ನನ್ನು "ಕಕ್ಕಸುಮನೆ ಪುಟ್ಟ" ಅನ್ನುತ್ತಿದ್ದರು. ಅದು ಇನ್ನೂ ಚುಚ್ಚುತ್ತಿದೆ. ಇಷ್ಟು ಓದಿ, ಇಷ್ಟು ವೇದಿಕೆ ಹತ್ತಿ, ತಲೆ ನರೆತ ಮೇಲೂ ಆ ವಾಸನೆ ಅಂಗಿಗೆ ಅಂಟಿದೆ ಅನ್ನಿಸುತ್ತಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಿನಗೆ ಹಿತ್ತಲೇ ಬೇಡ. ಅದಕ್ಕೆ ಮುಂದಿನ ಕೋಣೆಯಲ್ಲಿ ದೀಪ ಹಚ್ಚುತ್ತಿದ್ದೀಯ.

ಆ ಸಾಲು ನೆನಪಿದೆಯೇ? ಸೊಪ್ಪಿನವರು, ಮೊಟ್ಟೆಯವಳು, ಮಡಕೆಯವರು, ಮೀನಕ್ಕ. ಮೀನಕ್ಕ ಬಂದರೆ ನೀನು ಮೂಗು ಹಿಡಿದುಕೊಂಡು ಒಳಗೆ ಓಡುತ್ತಿದ್ದೆ. ಅವಳು ಆಗ ಇನ್ನೂ ಹುಡುಗಿ, ಪಾಪ, ಮೀನು ಮಾರುವವಳ ಮೈ ಮೀನು ನಾರದೆ ಇನ್ನೇನು ನಾರೀತು? ಅಮ್ಮನದು ಒಂದೇ ಕಟ್ಟಳೆ: ಒಳಗೆ ಹೋಗಿ ಬಂದವಳು ಮುಂದಿನವಳಿಗೆ ಒಂದು ಕೊಡ ನೀರು ಸೇದಿಟ್ಟು ಹೋಗಬೇಕು. ಹಿಂದೆ ನಿಂತವಳ ಮುಖ ನೋಡದೆ ಯಾರೂ ಹೋಗುವ ಹಾಗಿರಲಿಲ್ಲ. ಆ ಸಾಲಿನಲ್ಲೇ ಮಾತು ಬೆಳೆಯಿತು. ಮಡಕೆಯವಳು "ನಾವೆಲ್ಲಾ ಒಂದಿನ ಬುಟ್ಟಿ ಬೋರಲು ಹಾಕಿ ಕೂತ್ರೆ ಏನ್ ತಿಂತಾರೆ ಇವ್ರು?" ಅಂದದ್ದು ಕಕ್ಕಸಿನ ಒಳಗಿನಿಂದ, ಬಾಗಿಲು ಹಾಕಿಕೊಂಡು. ಹೊರಗೆ ನಿಂತವರು ಬಿದ್ದು ಬಿದ್ದು ನಕ್ಕರು. ಮುಂದಿನ ವಾರ ಇಡೀ ಮಾರುಕಟ್ಟೆಯಲ್ಲಿ ಬುಟ್ಟಿಗಳು ಬೋರಲಾಗಿದ್ದವು. ಊರಿಗೆ ಊರೇ ಸೊಪ್ಪಿಲ್ಲದೆ ಕೂತಿತು. ಹಲಗೆ ಇಳಿಯಿತು.

ಮಾವ ಯಾವಾಗ ಬಂದ? ಬುಟ್ಟಿ ಬೋರಲಾದ ಐದನೆಯ ದಿನ. ಮುಂದಿನ ಕೋಣೆಯಲ್ಲಿ ಒಂದು ಸಂಜೆ ಭಾಷಣ ಮಾಡಿದ. ಪೊಲೀಸರು ಬಾಗಿಲು ತಟ್ಟಿದಾಗ ಎಲ್ಲಿ ಅಡಗಿದ ಅನ್ನುವುದನ್ನು ನಿನ್ನ ಅಧ್ಯಕ್ಷೆಗೆ ಹೇಳಿದ್ದೀಯಾ? ಆ ಪೂರಕ ರಚನೆಯಲ್ಲೇ. ಅಮ್ಮ ಹೊರಗಿನಿಂದ "ಒಳಗೆ ಹೆಂಗಸರಿದಾರೆ" ಅಂದದ್ದಕ್ಕೆ ಪೊಲೀಸರು ಮುಖ ತಿರುಗಿಸಿಕೊಂಡು ಹೋದರು. ಗೊಂಬೆ ಮಾಡುವುದಾದರೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂರಿಸಲಿ, ನಾನು ಟಿಕೆಟ್ ಕೊಂಡು ನೋಡುತ್ತೇನೆ.

ಬಾಗಿಲು ತೆರೆದಿರಬೇಕು. ಇಲ್ಲವಾದರೆ ಮನೆ ರಸ್ತೆಗೇ ಹೋಗಲಿ. ಲಾರಿ ಹರಿದರೂ ಅದರಲ್ಲಿ ಸುಳ್ಳಿರುವುದಿಲ್ಲ.

ಅಕ್ಕ

&nbsp;

ಮಾರ್ಚ್ ೩೦

ಅಕ್ಕಾ,

ಸಂತೋಷದ ಸುದ್ದಿ. ಸಮಿತಿ ಒಪ್ಪಿದೆ. ಕಕ್ಕಸನ್ನು ಕೆಡವುವುದಿಲ್ಲ. ಅದರ ಮುಂದೆ ಅಮ್ಮನ ಹೆಸರಿನ ಒಂದು ಫಲಕವೂ ಇರುತ್ತದೆ. ಅಂಗಡಿಯನ್ನು ಪಕ್ಕದ ಖಾಲಿ ಜಾಗಕ್ಕೆ ಒಯ್ಯುತ್ತಾರೆ. ಇಷ್ಟಕ್ಕಾಗಿ ನಾನು ಎರಡು ಸಲ ಅಧ್ಯಕ್ಷೆಯ ಜೊತೆ ಕೂತು ಮಾತನಾಡಬೇಕಾಯಿತು.

ಪತ್ರಗಳು ಇದರ ಜೊತೆಗಿವೆ. ನಾನು ಸಹಿ ಹಾಕಿದ್ದೇನೆ. ತಡಮಾಡಬೇಡ, ನಗರಸಭೆಯ ಗಡುವು ಹತ್ತಿರವಿದೆ. ಸಣ್ಣ ಸಂಗತಿಗಳು ಏನಿದ್ದರೂ ಆಮೇಲೆ ನೋಡಿಕೊಳ್ಳೋಣ.

ತಮ್ಮ

&nbsp;

ಏಪ್ರಿಲ್ ೯

ತಮ್ಮಾ,

ಸಹಿ ಹಾಕಿದೆ. ನಿನ್ನ ಮೇಲೆ ಹಾರಾಡಿದ್ದಕ್ಕೆ ಬೇಸರಪಟ್ಟುಕೊಳ್ಳಬೇಡ. ಹಾರಾಡದಿದ್ದರೆ ಅವರು ಒಪ್ಪುತ್ತಿರಲಿಲ್ಲ ಅಂತ ನಿನಗೂ ಗೊತ್ತು. ಪತ್ರಗಳನ್ನು ಪೂರ್ತಿ ಓದಲಿಲ್ಲ. ಕಣ್ಣಿನ ಪೊರೆ, ಆ ಸಣ್ಣ ಅಕ್ಷರ. ನೀನು ಓದಿದ್ದೀಯಲ್ಲ, ಸಾಕು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಮನೆ ಬಿಡುವಾಗ ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಕಕ್ಕಸು ತಿಕ್ಕಿ ತೊಳೆದು, ಒಣಗಲು ಬಾಗಿಲು ಅಗಲವಾಗಿ ತೆಗೆದಿಟ್ಟು ಬಂದೆ. ಬಾಡಿಗೆ ಮನೆ ಬಿಟ್ಟು ಹೋಗುವ ಹೆಂಗಸರು ಒಲೆ ಸಾರಿಸಿ ಹೋಗುವುದಿಲ್ಲವೇ, ಹಾಗೆ.

ಮೀನಕ್ಕನ ಮನೆಗೆ ಹೋಗಿದ್ದೆ. ಮಗಳ ಜೊತೆ ಇದ್ದಾಳೆ, ಈಗ ಮೀನು ಮಾರುವುದಿಲ್ಲ, ನಡೆಯುವುದೇ ಕಷ್ಟ. ಮನೆ ಸ್ಮಾರಕವಾಗುತ್ತದೆ ಅಂದರೆ ಅವಳಿಗೆ ಅರ್ಥವಾಗಲಿಲ್ಲ. "ಯಾಕೆ, ಯಾರು ಸತ್ರು?" ಅಂದಳು. ವಿವರಿಸಿದ ಮೇಲೆ ಒಂದೇ ಕೇಳಿದಳು: "ಹಿಂದಿನ ಬಾಗ್ಲು ತೆಗ್ದಿರತ್ತಾ?" "ತೆಗ್ದಿರತ್ತೆ, ಅದಕ್ಕೇ ತಾನೇ ಸಹಿ ಹಾಕಿದ್ದು" ಅಂದೆ. "ಹಾಗಾದ್ರೆ ಬರ್ತೀನಿ" ಅಂದಳು. ಉದ್ಘಾಟನೆಗೆ ಸಾಲಿನಲ್ಲಿದ್ದವರನ್ನೆಲ್ಲ ಕರೆಯುತ್ತಿದ್ದೇನೆ. ಬದುಕಿರುವವರು ಎಷ್ಟು ಕಡಿಮೆ ಅಂದರೆ, ಒಂದೇ ಆಟೋದಲ್ಲಿ ಬರುತ್ತಾರೆ.

ಅಕ್ಕ

&nbsp;

ಜುಲೈ ೧೯

ತಮ್ಮಾ,

ಇವತ್ತು ಮನೆ ನೋಡಿ ಬಂದೆ. ಮುಂದಿನ ಕೋಣೆಗೆ ಹಳೆಯದಾಗಿ ಕಾಣುವ ಹೊಸ ಬಣ್ಣ ಹೊಡೆದಿದ್ದಾರೆ. ಗೋಡೆಯಲ್ಲಿ ಬಿರುಕು ಬಿಡಿಸುವುದಕ್ಕೆಂದೇ ಒಬ್ಬ ಕಲಾವಿದ ಬಂದಿದ್ದಾನೆ. ನಮ್ಮ ನಿಜವಾದ ಬಿರುಕುಗಳನ್ನು ಮುಚ್ಚಿ ಅದರ ಮೇಲೆ ಇವನ ಬಿರುಕು. ಅಮ್ಮನ ಅಡುಗೆ ಪಾತ್ರೆಗಳಿಗೆ ಬೇಕೆಂದೇ ಮಸಿ ಬಳಿದಿದ್ದಾರೆ. ಅಮ್ಮ ಬೂದಿ ಹಾಕಿ ತಿಕ್ಕಿ ಕನ್ನಡಿ ಮಾಡುತ್ತಿದ್ದ ಪಾತ್ರೆಗಳು! ನಾವು ಬಡವರಾಗಿದ್ದೆವು ನಿಜ, ಕೊಳಕರಾಗಿದ್ದೆವು ಅಂತ ಇವರಿಗೆ ಹೇಳಿದವರು ಯಾರು? ಬಡತನಕ್ಕೆ ಮಸಿ ಬೇಕು, ಕಕ್ಕಸಿಗೆ ಮಾತ್ರ ಸುಗಂಧ. ಅಲ್ಲಿ ಈಗ ಮಲ್ಲಿಗೆಯ ವಾಸನೆ ಬರುತ್ತದೆ, ಸೀಸೆಯಿಂದ ಸಿಂಪಡಿಸುತ್ತಾರೆ.

ಅದಿರಲಿ, ಬಾಗಿಲಿಗೆ ಅಡ್ಡವಾಗಿ ಕೆಂಪು ಹಗ್ಗ ಯಾಕೆ ಕಟ್ಟಿದ್ದಾರೆ? ಕಾವಲುಗಾರನನ್ನು ಕೇಳಿದೆ, "ಆರ್ಡರ್ ಇದೆ" ಅಂದ. ಅಧ್ಯಕ್ಷೆಗೆ ಫೋನು ಮಾಡಿದೆ. "ನಿಮ್ಮ ತಮ್ಮನವರನ್ನೇ ಕೇಳಿ" ಅಂದಳು. ಕೇಳುತ್ತಿದ್ದೇನೆ.

ಅಕ್ಕ

&nbsp;

ಆಗಸ್ಟ್ ೪

ಅಕ್ಕಾ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಹಗ್ಗದ ಬಗ್ಗೆ ಚಿಂತೆ ಬೇಡ. ಕೆಲಸ ನಡೆಯುವ ಕಡೆ ಇಂಥವು ಇದ್ದದ್ದೇ. ಪಾತ್ರೆಯ ಮಸಿಯ ವಿಷಯ ಅಧ್ಯಕ್ಷೆಗೆ ತಿಳಿಸಿದ್ದೇನೆ, ತೆಗೆಸುತ್ತಾರೆ.

ಉದ್ಘಾಟನೆಯ ದಿನ ಮುಖ್ಯ ಭಾಷಣ ನನ್ನದೇ. ನೀನು ಮುಂದಿನ ಸಾಲಿನಲ್ಲಿ ಕೂರಬೇಕು. ಹೆಚ್ಚು ಜನರನ್ನು ಕರೆದುಕೊಂಡು ಬರಬೇಡ, ಜಾಗ ಕಡಿಮೆ. ಮೀನಕ್ಕನಿಗೆ ಅಷ್ಟು ದೂರದ ಪ್ರಯಾಣ ಯಾಕೆ, ವಯಸ್ಸಾಗಿದೆ.

ತಮ್ಮ

&nbsp;

ಸೆಪ್ಟೆಂಬರ್ ೨

ಮೇಷ್ಟ್ರಿಗೆ,

ನೀನು ಸಂಜೆಯೇ ರೈಲು ಹತ್ತಿದೆ ಅಂತ ಅಧ್ಯಕ್ಷೆ ಹೇಳಿದಳು. ನನ್ನ ಮುಖ ನೋಡಲಾಗಲಿಲ್ಲ ಅನ್ನು. ವೇದಿಕೆಯ ಮೇಲಿಂದ ನಿನಗೆ ಎಷ್ಟು ಕಂಡಿತೋ ಗೊತ್ತಿಲ್ಲ. ಕಾಣದೆ ಉಳಿದದ್ದನ್ನೂ ಬರೆಯುತ್ತೇನೆ, ಓದಿ ಅರಗಿಸಿಕೋ.

ಮೀನಕ್ಕ ಒಗೆದು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದಿದ್ದಳು. ಮನೆಯಲ್ಲಿ ಎರಡು ಲೋಟ ಚಹಾ ಕುಡಿದು ಬಂದಿದ್ದಳು, ಇಲ್ಲಿ ನಿಮ್ಮವರು ಕೊಟ್ಟದ್ದನ್ನೂ ಕುಡಿದಳು. ಈ ವಯಸ್ಸಿನಲ್ಲಿ ಇಷ್ಟು ಯಾಕೆ ಕುಡಿಯುತ್ತೀಯ ಅಂದೆ. "ಎಲ್ಲಿಗೇ ಹೋದ್ರೂ ಬಾಯಿ ಒಣಗಿಸ್ಕೊಂಡು ಹೋಗೋಳು ನಾನು. ಈ ಮನೆಗೆ ಬರೋವಾಗ ಮಾತ್ರ ಧೈರ್ಯವಾಗಿ ಕುಡೀಬಹುದು" ಅಂದಳು. ಭಾಷಣ ಒಂದಾದ ಮೇಲೆ ಒಂದು. ಸಚಿವರ ನಂತರ ನೀನು ಎದ್ದೆ. ಅವಳು ಕೋಲೂರಿಕೊಂಡು ಹಿತ್ತಲಿಗೆ ಹೋದಳು.

ಕೆಂಪು ಹಗ್ಗ ಹಾಗೇ ಇತ್ತು. ಕಾವಲುಗಾರ ಅಡ್ಡ ನಿಂತ. "ಅಜ್ಜಿ, ಇದು ನೋಡೋಕೆ ಮಾತ್ರ. ಒಳಗೆ ಬಿಡಲ್ಲ." ಅವಳು ನಗುತ್ತಾ "ನಾನು ಇಲ್ಲಿಯವಳೇ ಕಣಪ್ಪಾ" ಅಂದಳಂತೆ. ಅತಿಥಿಗಳಿಗೆ ಪಕ್ಕದ ಹೊಸ ಕಟ್ಟಡದಲ್ಲಿ ವ್ಯವಸ್ಥೆಯಿತ್ತು, ಅಲ್ಲಿಗೆ ಕುತ್ತಿಗೆಯಲ್ಲಿ ಪಾಸು ಬೇಕು. ಅವಳ ಕುತ್ತಿಗೆಯಲ್ಲಿ ಪಾಸು ಎಲ್ಲಿಂದ ಬರಬೇಕು? ನನ್ನನ್ನು ಹುಡುಕಿಕೊಂಡು ಮುಂದಿನ ಬಾಗಿಲಿಗೆ ಬಂದಳು. ಮೆಟ್ಟಿಲು ಇಳಿಯಲಾಗಲಿಲ್ಲ. ಅಲ್ಲೇ ಆಗಿಹೋಯಿತು. ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಅಷ್ಟು ಜನರ ಮುಂದೆ, ನಮ್ಮ ಅಮ್ಮನ ಮನೆಯ ಮೆಟ್ಟಿಲ ಮೇಲೆ.

ನಾನು ಸುಮ್ಮನಿರಲಿಲ್ಲ. ಕಾವಲುಗಾರನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅಧ್ಯಕ್ಷೆಯ ತೋಳು ಹಿಡಿದು ಎಳೆತಂದು "ನೋಡು, ನೀನು ಕಾಪಾಡಿದ ಚರಿತ್ರೆ ಇದು, ಕಣ್ಣು ಬಿಟ್ಟು ನೋಡು" ಅಂತ ಕೂಗಿದೆ. ಇಡೀ ಬೀದಿ ತಿರುಗಿ ನೋಡಿತು. ಫೋಟೋದವರು ಓಡಿಬಂದರು. ನೋಡಲಿ ಅಂತಲೇ ಕೂಗಿದೆ.

ಅಧ್ಯಕ್ಷೆ ಆಗ ಬಾಯಿಬಿಟ್ಟಳು. ಬಾಗಿಲು ತೆರೆದಿಡುವುದಕ್ಕೆ ಸಮಿತಿ ಒಪ್ಪಿತ್ತಂತೆ. ಬೇಡ, ನೋಡುವುದಕ್ಕೆ ಮಾತ್ರ ಇರಲಿ ಅಂತ ಬರೆಸಿದವನು ನೀನಂತೆ.

ನೀನು ಏನು ಮಾಡಿದೆ? ಮೆಟ್ಟಿಲ ಕಡೆ ನೋಡಿದೆ. ಒಂದು ಗಳಿಗೆ ಮಾತು ನಿಲ್ಲಿಸಿದೆ. ಲೋಟ ಎತ್ತಿ ನೀರು ಕುಡಿದೆ. "ಮಾನವೆಂಬುದು" ಅಂತ ಮುಂದುವರಿಸಿದೆ.

ನಾನು ಎಂಥೆಂಥ ಹುಣ್ಣು ತೊಳೆದಿದ್ದೇನೆ, ಹುಳ ಬಿದ್ದ ಕಾಲು ಕಟ್ಟಿದ್ದೇನೆ. ಈ ಅಸಹ್ಯ ಯಾವುದರಲ್ಲೂ ಕಂಡಿರಲಿಲ್ಲ. ಇನ್ನು ನನಗೆ ಬರೆಯಬೇಡ.

&nbsp;

ಸೆಪ್ಟೆಂಬರ್ ೨೦

ಅಕ್ಕಾ,

ಬರೆಯಬೇಡ ಅಂದೆ. ಇದೊಂದನ್ನು ಓದು.

ಅಧ್ಯಕ್ಷೆ ಹೇಳಿದ್ದು ನಿಜ. ಹಗ್ಗ ನನ್ನದು. ನಿನಗೆ ಗೊತ್ತಾಗದ ಹಾಗೆ ಮಾಡಿಸಿದೆ. ಯಾಕೆ ಅನ್ನುವುದನ್ನು ಹೇಳಲು ಅಮ್ಮನ ತಲೆ ಮೇಲೆ ಕೈಯಿಟ್ಟು ಮಾಡಿದ ಆಣೆ ಮುರಿಯಬೇಕು. ಮುರಿಯುತ್ತಿದ್ದೇನೆ.

ನಿನಗೆ ಜ್ವರ ಬಂದ ಆ ವಾರ ಅಮ್ಮ ನನ್ನನ್ನು ಮಾರುಕಟ್ಟೆಗೆ ಕರೆದುಕೊಂಡು ಹೋಗಿದ್ದಳು. ನನಗೆ ಆರು ವರ್ಷ. ಅವಳಿಗೂ ಮೈ ಬಿಸಿಯಿತ್ತು, ನಿನ್ನ ಜ್ವರವೇ ತಗುಲಿತ್ತೇನೋ, ಬಾಯಾರಿ ನೀರು ಕುಡಿದುಬಿಟ್ಟಿದ್ದಳು. ಮಧ್ಯಾಹ್ನಕ್ಕೆ ತಡೆಯಲಾಗಲಿಲ್ಲ. ನನ್ನ ಕೈ ಹಿಡಿದುಕೊಂಡು ಆ ಕಕ್ಕಸಿನ ಮುಂದೆ ನಿಂತು ಕಾವಲುಗಾರನಲ್ಲಿ ಬೇಡಿಕೊಂಡಳು. ನಮ್ಮ ಅಮ್ಮ ಯಾರನ್ನಾದರೂ ಬೇಡಿದ್ದನ್ನು ನೀನು ನೋಡಿದ್ದೀಯಾ? ನಾನು ನೋಡಿದ್ದೇನೆ. ಅವನು ಕೋಲಿನ ತುದಿಯಿಂದ ಅವಳ ಹೊಟ್ಟೆಗೆ ತಿವಿದ. ಜೋರಾಗಿ ಅಲ್ಲ, ಆಟಕ್ಕೆ. ಅಲ್ಲೇ, ನಲ್ಲಿಯ ಪಕ್ಕದ ಕಲ್ಲಿನ ಮೇಲೆ, ನನ್ನ ಕೈ ಅವಳ ಕೈಯಲ್ಲಿರುವಾಗಲೇ ಆಯಿತು. ನನ್ನ ಕಾಲಿನ ಮೇಲೂ ಬಿತ್ತು. ಬೆಚ್ಚಗಿತ್ತು.

ಸುತ್ತ ಇದ್ದವರು ಇನ್ನೇನು ನೋಡಿ ನಗಬೇಕು, ಅಷ್ಟರಲ್ಲಿ ಒಬ್ಬಳು ಮೀನಿನ ಹುಡುಗಿ ನುಗ್ಗಿಕೊಂಡು ಬಂದು ಅಮ್ಮನಿಗೆ ಡಿಕ್ಕಿ ಹೊಡೆದಳು. ಬುಟ್ಟಿಯ ಮೀನು, ಆ ಕೊಳೆತ ನೀರು, ಎಲ್ಲ ಅಮ್ಮನ ತಲೆಯಿಂದ ಕಾಲಿನವರೆಗೆ ಸುರಿಯಿತು. ಅಮ್ಮ ಅವಳಿಗೆ ಬೈದ ಬೈಗುಳಗಳನ್ನು ನಾನು ಮತ್ತೆಂದೂ ಕೇಳಿಲ್ಲ. ಜನ ನಕ್ಕರು. ಮನೆಗೆ ಬರುವವರೆಗೂ ಅಮ್ಮ ಮೀನು ನಾರುತ್ತಿದ್ದಳು. ಹಿತ್ತಲಲ್ಲಿ ನೀರು ಹುಯ್ದುಕೊಂಡು, ನನ್ನ ಕಾಲನ್ನೂ ತೊಳೆದು, ಆಣೆ ಮಾಡಿಸಿದಳು. "ಯಾರಿಗೂ ಹೇಳ್ಬೇಡ. ಅಕ್ಕನಿಗೂ." ಮಾರನೆಯ ದಿನ ಗುದ್ದಲಿ ಹಿಡಿದಳು.

ನನಗೆ ಶಾಲೆಯ ಹುಡುಗರ ಮಾತು ಎಂದೂ ಚುಚ್ಚಲಿಲ್ಲ ಅಕ್ಕಾ. ಆ ಕಕ್ಕಸು ಕಂಡಾಗಲೆಲ್ಲ ನನಗೆ ಆ ಕಲ್ಲು ಕಾಣುತ್ತಿತ್ತು. ಅದನ್ನು ಯಾರೂ ಬಳಸಬಾರದು, ಅಲ್ಲಿ ನಿಂತು ಯಾರೂ ಅಮ್ಮನ ಕಥೆ ಕೆದಕಬಾರದು, ಮುಚ್ಚಿಟ್ಟರೆ ಅವಳ ಮಾನ ಉಳಿಯುತ್ತದೆ ಅಂದುಕೊಂಡೆ. ಮೀನಕ್ಕನನ್ನು ಕಂಡರೆ ನನಗೆ ಯಾಕೆ ಆಗುತ್ತಿರಲಿಲ್ಲ ಅನ್ನುವುದೂ ಈಗ ನಿನಗೆ ಗೊತ್ತಾಯಿತು. ಅಮ್ಮನ ಅಷ್ಟು ದೊಡ್ಡ ಅವಮಾನದ ಮೇಲೆ ಹೊಲಸು ನೀರು ಸುರಿದವಳು ಅವಳೇ. ಆದರೆ ಅವತ್ತು ಮೆಟ್ಟಿಲ ಮೇಲೆ ನಾನು ಕಂಡದ್ದು ಮೀನಕ್ಕನನ್ನಲ್ಲ, ಅಮ್ಮನನ್ನು. ಆರು ವರ್ಷದವನಿದ್ದಾಗ ಏನು ಮಾಡಲು ಗೊತ್ತಿರಲಿಲ್ಲವೋ, ಈಗಲೂ ಗೊತ್ತಾಗಲಿಲ್ಲ. ನೀರು ಕುಡಿದೆ. ಮಾತು ಮುಂದುವರಿಸಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಹಗ್ಗ ತೆಗೆಯುವಂತೆ ಸಮಿತಿಗೆ ಬರೆದಿದ್ದೇನೆ. ಅಮ್ಮನ ವಿಷಯ ಹೇಳಬೇಕೋ ಬೇಡವೋ, ಯಾರಿಗೆ ಹೇಳಬೇಕೋ, ನೀನೇ ತೀರ್ಮಾನಿಸು.

ತಮ್ಮ

&nbsp;

ಅಕ್ಟೋಬರ್ ೧೪

ತಮ್ಮಾ,

ಹಗ್ಗ ತೆಗೆದರು. ಎರಡು ವಾರದಿಂದ ಬಾಗಿಲು ತೆರೆದಿದೆ. ಮಾರುಕಟ್ಟೆ ಗುಡಿಸುವವರು, ಹೊರೆಯವರು, ಮನೆಮನೆಗೆ ಸಾಮಾನು ತಲುಪಿಸುವ ಹುಡುಗಿಯರು ಬರುತ್ತಾರೆ. ಮಲ್ಲಿಗೆಯ ಸೀಸೆ ಸೋತಿದೆ, ಕಕ್ಕಸು ಕಕ್ಕಸಿನ ಹಾಗೆ ನಾರುತ್ತಿದೆ. ನೋಡಲು ಬಂದವರು ಮೂಗು ಮುರಿಯುತ್ತಾರೆ ಅಂತ ಆರ್ಕಿಟೆಕ್ಟು ಗೋಳಾಡಿದ. ಮುರಿಯಲಿ, ಮೂಗು ಅವರದು. ನಾನು ಬೆಳಿಗ್ಗೆ ಹೋಗಿ ತೊಳೆದು ಬರುತ್ತೇನೆ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಆರು ವರ್ಷದ ಹುಡುಗನ ಮೇಲೆ ಇಲ್ಲ, ವೇದಿಕೆಯ ಮೇಲಿದ್ದವನ ಮೇಲೆ ಇದೆ. ಅಮ್ಮನ ವಿಷಯ ಸಮಿತಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ಆ ಕಲ್ಲಿನ ಮೇಲೂ ಒಂದು ಮೇಣದ ಗೊಂಬೆ ನಿಲ್ಲಿಸುತ್ತಾರೆ.

ಮೀನಕ್ಕನಿಗೆ ಹೇಳಿದೆ. ಹೇಳಬೇಕಾಯಿತು. ಆ ದಿನದಿಂದ ಅವಳು ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ, ಹೊಟ್ಟೆಗೆ ತಿನ್ನುವುದಿಲ್ಲ ಅಂತ ಮಗಳು ಅತ್ತಳು. ಹಾಸಿಗೆಯ ಪಕ್ಕ ಕೂತು, ನಮ್ಮ ಅಮ್ಮನಿಗೂ ಹೀಗೇ ಆಗಿತ್ತು ಮೀನಕ್ಕಾ, ಮಾರುಕಟ್ಟೆಯಲ್ಲಿ, ನಲ್ಲಿಯ ಹತ್ತಿರ ಅಂದೆ.

ಅವಳು ತಿರುಗಲಿಲ್ಲ. ಗೋಡೆಗೇ ಹೇಳಿದಳು. "ಗೊತ್ತು. ಅದಕ್ಕೇ ತಾನೇ ಬುಟ್ಟಿ ಸುರಿದಿದ್ದು."

ನನಗೆ ತಿಳಿಯಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದಳು. "ಇನ್ನೊಂದ್ ಗಳಿಗೆ ಆಗಿದ್ರೆ ಎಲ್ರೂ ನೋಡ್ಬಿಡೋರು. ಬಟ್ಟೆ ಪೂರ್ತಿ ಒದ್ದೆ ಆದ್ರೆ ಯಾವ ನೀರು ಯಾವುದು ಅಂತ ಯಾರಿಗೆ ಗೊತ್ತಾಗತ್ತೆ? ಓಡಿ ಹೋಗಿ ಬಿದ್ದೆ. ಅವತ್ತಿನ ಮೀನೆಲ್ಲಾ ಮಣ್ಣುಪಾಲು, ಮನೇಲಿ ನನ್ನ ಅವ್ವ ಚರ್ಮ ಸುಲಿದ್ಳು. ನಿಮ್ಮಮ್ಮನೂ ಬೈದ್ಳು ನೋಡು, ಹೇಗ್ ಬೈದ್ಳು ಅಂತೀಯಾ! ಹಾಗೆ ಬೈದಿದ್ದಕ್ಕೇ ಜನ ನಂಬಿದ್ದು. ಬೈತಾ ಬೈತಾನೇ ನನ್ನ ಕೈ ಒತ್ತಿದ್ಳು."

ಕಕ್ಕಸು ಕಟ್ಟಿ ಮುಗಿದ ದಿನ ಅಮ್ಮ ಅವಳ ಹತ್ತಿರ ಹೋಗಿ, ಏನೂ ಹೇಳದೆ, ಕೈ ಹಿಡಿದು ಕರೆದುಕೊಂಡು ಬಂದಳಂತೆ. ಮೊದಲು ಒಳಗೆ ಹೋದವಳು ಮೀನಕ್ಕ. ಆ ದಿನದ ಮಾತನ್ನು ಅಮ್ಮ ಸಾಯುವವರೆಗೆ ಇಬ್ಬರೂ ಎತ್ತಲಿಲ್ಲ. ಎತ್ತುವುದು ಏನಿತ್ತು, ಇಬ್ಬರಿಗೂ ಗೊತ್ತಿತ್ತಲ್ಲ.

ಇಷ್ಟು ವರ್ಷ ಅವಳನ್ನು ಕಂಡು ನೀನು ಮೂಗು ಹಿಡಿದುಕೊಂಡೆ. ಈಗ ರೈಲು ಹತ್ತಿ ಬಾ, ಅವಳ ಹಾಸಿಗೆಯ ಪಕ್ಕ ಬಂದು ಕೂತುಕೋ. ಭಾಷಣ ಮಾಡಬೇಡ.

ನಾನೇನೂ ನಿನಗಿಂತ ಮೇಲಲ್ಲ. ದಾದಿ ನಾನು, ಒದ್ದೆಯಾದ ರೋಗಿಯ ಮೇಲೆ ಮೊದಲು ಹೊದಿಕೆ ಎಳೆಯಬೇಕು ಅನ್ನುವುದು ನನ್ನ ಕೈಗೇ ಗೊತ್ತು. ಅದನ್ನು ಬಿಟ್ಟು ನೋಡಿ ನೋಡಿ ಅಂತ ಕೂಗಿ ಬೀದಿಯನ್ನೇ ಕರೆದೆ. ನೋಡದಿದ್ದವರೂ ನನ್ನಿಂದ ನೋಡಿದರು. ಅದನ್ನೇ ದೊಡ್ಡ ಸಾಹಸ ಅಂತ ನಿನಗೆ ಬರೆದೆ. ನೆನೆಸಿಕೊಂಡರೆ ನನ್ನ ಬಾಯಿಯ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವತ್ತು ಆ ಮೆಟ್ಟಿಲ ಸುತ್ತ ಎಷ್ಟು ಜನರಿದ್ದೆವು ತಮ್ಮಾ! ಅಧ್ಯಕ್ಷೆಯ ಕೈಯಲ್ಲಿ ನೀರಿನ ಬಾಟಲಿ, ಸಚಿವರ ಕೈಯಲ್ಲಿ ಹಣ್ಣಿನ ರಸ, ನಿನ್ನ ಕೈಯಲ್ಲಿ ಲೋಟ, ನನ್ನ ಕೈಯಲ್ಲಿ ಆರಿದ ಚಹಾ. ಒಬ್ಬರ ಕೈಯೂ ಜಾರಲಿಲ್ಲ.

ಅಕ್ಕ